ರೊಜಾಲಿಯಾಳ ಬಾಯಿಗೆ ಬಂದ ಮಾತು

ರೊಜಾಲಿಯಾಗೆ ಅರಬ್ಬಿ ಬಾಯಿಪಾಠ ಬರುತ್ತಿತ್ತು, ಅರ್ಥ ಮಾತ್ರ ಆಗುತ್ತಿರಲಿಲ್ಲ. ಓಲ್ಶಿನಿ ಊರಿನ ತಾತಾರ ಮುಸ್ಲಿಮರೆಲ್ಲರ ಕಥೆಯೂ ಇಷ್ಟೇ. ಯಾವುದೋ ಕಾಲದ ಅರಸನೊಬ್ಬ ತನ್ನ ಕುದುರೆ ಸವಾರರಿಗೆ ಸಂಬಳದ ಬದಲು ಪೋಲೆಂಡಿನ ಈ ಪೂರ್ವದ ಮೂಲೆಯಲ್ಲಿ ಭೂಮಿ ಕೊಟ್ಟು ಕೂರಿಸಿದ್ದ. ಅವರ ವಂಶದವರು ಈಗ ಮನೆಯಲ್ಲಿ ಪೋಲಿಷ್ ಆಡುತ್ತಾರೆ, ಸಂತೆಯಲ್ಲಿ ಒಂದಿಷ್ಟು ಬೆಲರೂಸಿ ಬೆರೆಸುತ್ತಾರೆ, ಅರಬ್ಬಿಯೇನಿದ್ದರೂ ದೇವರ ಜೊತೆಗೆ.

ಅವಳಿಗೆ ಪ್ರಾರ್ಥನೆ ಕಲಿಸಿದ್ದು ಅಜ್ಜಿ, ಅದೂ ಅಡುಗೆಮನೆಯಲ್ಲಿ. ಅಜ್ಜಿ ಹಿಟ್ಟನ್ನು ಮೇಜಿನ ತುಂಬ ವಸ್ತ್ರದಂತೆ ತೆಳ್ಳಗೆ ಎಳೆಯುತ್ತ, ಕುರಿಮಾಂಸದ ಪದರದ ರೊಟ್ಟಿಗೆ ಬೆಣ್ಣೆ ಸವರುತ್ತ, ಒಂದೊಂದೇ ಸಾಲು ಹೇಳಿಕೊಡುತ್ತಿದ್ದಳು. ಪದರ ಹರಿದರೂ ಬೈಗುಳ, ಸಾಲು ತಪ್ಪಿದರೂ ಬೈಗುಳ. ಅದರಲ್ಲೊಂದು ಸಾಲು ಅಜ್ಜಿಯ ಬಾಯಲ್ಲಿ ಸದಾ ಇರುತ್ತಿತ್ತು: ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್. ಸೂಜಿ ಕಳೆದುಹೋದರೆ ಅದು, ಹಸು ಮೇವು ಬಿಟ್ಟರೆ ಅದು, ಗೋಧಿಯ ಮೇಲೆ ಆಲಿಕಲ್ಲು ಬಿದ್ದರೂ ಅದೇ. ಕೆಲವರು ಕಷ್ಟ ಬಂದಾಗ ‘ಅಯ್ಯೋ ದೇವರೇ’ ಅನ್ನುವಂತೆ ಇದು ಎಂದು ರೊಜಾಲಿಯಾ ತಿಳಿದುಕೊಂಡಿದ್ದಳು. ಐವತ್ತು ದಾಟಿದ ಮೇಲೂ ಹಾಗೇ ತಿಳಿದಿದ್ದಳು.

ಹಾಲಿನ ಡೈರಿಯಲ್ಲಿ ದುಡಿದಳು. ಅರಣ್ಯ ಇಲಾಖೆಯ ಟ್ರ್ಯಾಕ್ಟರ್ ಓಡಿಸುವ ಬ್ರೋನೆಕ್‌ನನ್ನು ಮದುವೆಯಾಗಿ ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿ ಗಂಡನ ಮನೆಗೆ ಕಳಿಸಿದಳು. ಊರಿನಲ್ಲಿ ತಾತಾರ ಹೆಂಗಸರು ತೀರಿಕೊಂಡರೆ ಮೈ ತೊಳೆದು ಬಟ್ಟೆ ಸುತ್ತುವ ಕೆಲಸವೂ ಅವಳ ಪಾಲಿಗೇ ಬಂತು, ಅಜ್ಜಿಯ ನಂತರ ಬೇರೆ ಯಾರಿಗೂ ಅದಕ್ಕೆ ಗಟ್ಟಿ ಎದೆ ಇರಲಿಲ್ಲ. ಡೈರಿ ಮುಚ್ಚಿದ ಮೇಲೆ ಮನೆಯ ಮುಂದಿನ ಕೋಣೆಯಲ್ಲಿ ನಾಲ್ಕು ಮೇಜು ಹಾಕಿದಳು. ಮರದ ಮಸೀದಿ ನೋಡಲು ಭಾನುವಾರ ಬರುವ ಬಸ್ಸಿನವರು ಅವಳ ರೊಟ್ಟಿ ತಿಂದು ಹೋಗುತ್ತಿದ್ದರು.

ಆಮೇಲೆ ಆ ಶರತ್ಕಾಲ ಬಂತು. ಬೆಲರೂಸಿ ಗಡಿಯ ಆ ಕಡೆಯವರು ಆಶ್ರಯ ಹುಡುಕಿ ದೂರದ ದೇಶಗಳಿಂದ ಬಂದ ಜನರನ್ನು ಗಡಿಯ ಬೇಲಿಯವರೆಗೆ ತಂದು ಬಿಡತೊಡಗಿದರು, ಈ ಕಡೆಯವರು ಅವರನ್ನು ಹಿಡಿದು ಮತ್ತೆ ಆಚೆಗೆ ದೂಡತೊಡಗಿದರು. ಗಡಿಯಂಚಿನ ಊರುಗಳಿಗೆ ಹೊರಗಿನವರು ಬರಬಾರದೆಂದು ಸರ್ಕಾರ ಆಜ್ಞೆ ಹೊರಡಿಸಿತು. ಪತ್ರಕರ್ತರಿಲ್ಲ, ಹೊರಗಿನ ವೈದ್ಯರಿಲ್ಲ, ಭಾನುವಾರದ ಬಸ್ಸೂ ಇಲ್ಲ. ಆಂಬುಲೆನ್ಸ್ ಕೂಡ ಗಡಿ ಕಾವಲಿನವರೇ ಕರೆದರೆ ಮಾತ್ರ ತಪಾಸಣೆಯ ಗೇಟು ದಾಟುತ್ತಿತ್ತು.

ಪಕ್ಕದ ಮನೆಯ ಯಾದ್ವಿಗಾ ಹಿತ್ತಿಲ ಬೇಲಿಗೆ ಒರಗಿಕೊಂಡು ಟಿವಿಯಲ್ಲಿ ಕೇಳಿದ್ದನ್ನೆಲ್ಲ ಒಪ್ಪಿಸುತ್ತಿದ್ದಳು.

“ಅವರನ್ನ ಕಳಿಸ್ತಿರೋನು ಆ ಕಡೆಯ ಸರ್ವಾಧಿಕಾರಿ ಕಣೇ. ನಮ್ಮ ಮೇಲೆ ಎಸೆಯೋಕೆ ಅವನ ಕೈಗೆ ಸಿಕ್ಕಿರೋ ಕಲ್ಲು ಅವರು.”

“ಕಲ್ಲಿಗೆ ಚಳಿಯಾಗಲ್ಲ ಬಿಡು, ಯಾದ್ವಿಗಾ.”

“ನಿಂಗೇನು, ನಿಮ್ಮವರು. ಹಾಗಂತೀಯ.”

“ನಮ್ಮವರಾ? ನಾನು ಒಂದನೇ ಕ್ಲಾಸಿಂದ ನಿನ್ನ ಪಕ್ಕ ಕೂತು ನಿನ್ನ ಲೆಕ್ಕ ಕಾಪಿ ಹೊಡೆದೋಳು. ಅದಕ್ಕೇ ಇಬ್ರೂ ಫೇಲಾದ್ವಿ.”

ಯಾದ್ವಿಗಾ ನಕ್ಕಳು. ಆದರೆ ಆ ದಿನದಿಂದ ಕೊಟ್ಟಿಗೆಗೆ ಬೀಗ ಹಾಕತೊಡಗಿದಳು.

ಬ್ರೋನೆಕ್‌ನದು ಬೇರೆಯೇ ಸಂಕಟ. ಮರದ ದಿಮ್ಮಿಗಳ ರಾಶಿಯ ಹಿಂದೆ ಅವನಿಗೊಮ್ಮೆ ಒಂದು ಕುಟುಂಬ ಸಿಕ್ಕಿತ್ತು. ತನ್ನ ಬುತ್ತಿ ಕೊಟ್ಟು, ಸಹಾಯ ಬರಲಿ ಎಂದೇ ಕಾವಲಿನವರಿಗೆ ಫೋನು ಮಾಡಿದ್ದ. ಲಾರಿ ಬಂತು, ಹತ್ತಿಸಿಕೊಂಡಿತು, ಆಸ್ಪತ್ರೆಯ ದಾರಿ ಬಿಟ್ಟು ಬೇಲಿಯ ದಾರಿ ಹಿಡಿಯಿತು. ಅವತ್ತಿನಿಂದ ಅವನು ಊಟದ ಮುಂದೆ ಕೂತರೂ ಮಾತಾಡುತ್ತಿರಲಿಲ್ಲ.

“ಕಾಡಿಗೆ ಹೋಗಬೇಡ, ರೂಜಾ,” ಎಂದಷ್ಟೇ ಹೇಳಿದ್ದ. “ಕಂಡರೆ ಬಿಟ್ಟುಬರೋಕಾಗಲ್ಲ. ಕರೆದರೆ ಕೊಂದ ಹಾಗೆ.”

ಆದರೂ ಅವಳು ಹೋದಳು. ಅಣಬೆಯ ಕಾಲ ಮುಗಿಯುತ್ತ ಬಂದಿತ್ತು. ಮಧ್ಯಾಹ್ನದ ಬೆಳಕಿತ್ತು, ರಸ್ತೆಯ ಸದ್ದು ಕೇಳುವಷ್ಟು ದೂರವೇ ಇತ್ತು. ಸ್ಪ್ರೂಸ್ ಮರವೊಂದರ ಬುಡದಲ್ಲಿ ಯಾರೋ ಹಳೆಯ ಕಂಬಳಿ ಎಸೆದುಹೋಗಿದ್ದಾರೆ ಅಂದುಕೊಂಡಳು. ಕಂಬಳಿಗೆ ಕಣ್ಣಿದ್ದವು.

ಹೆಂಗಸು ಇನ್ನೂ ಚಿಕ್ಕ ವಯಸ್ಸಿನವಳು. ಮಡಿಲಲ್ಲಿ ನಾಲ್ಕು ವರ್ಷವಿದ್ದೀತು, ಒಂದು ಹೆಣ್ಣುಮಗು. ರೊಜಾಲಿಯಾಳನ್ನು ಕಂಡದ್ದೇ ತಾಯಿ ಮಗುವಿನ ಬಾಯಿಯ ಮೇಲೆ ಕೈಯಿಟ್ಟಳು. ಮಗು ಮಿಸುಕಲಿಲ್ಲ. ಮಿಸುಕದ ಮಗುವಿನ ಬಾಯಿ ಮುಚ್ಚುತ್ತಿದ್ದಾಳಲ್ಲ ಅಂದುಕೊಂಡಳು ರೊಜಾಲಿಯಾ.

“ಸಲಾಮ್,” ಅಂದಳು.

ಬೂದುಗಣ್ಣಿನ, ರಬ್ಬರ್ ಬೂಟಿನ, ತಲೆಗೆ ವಸ್ತ್ರ ಕಟ್ಟಿದ ಈ ಹಳ್ಳಿಯ ಹೆಂಗಸಿನ ಬಾಯಲ್ಲಿ ಆ ಮಾತು ಬಂದರೂ ತಾಯಿ ನಂಬಲಿಲ್ಲ, ಹಿಂದಕ್ಕೆ ಸರಿದಳು. ರೊಜಾಲಿಯಾ ಅಣಬೆಯ ಬುಟ್ಟಿ ಕೆಳಗಿಟ್ಟು ಮಂಡಿಯೂರಿ ಕೂತಳು. ಬೇರೆ ಮಾತು ಬರದು. ಬರುವುದನ್ನೇ ಹೇಳತೊಡಗಿದಳು: ಬಿಸ್ಮಿಲ್ಲಾಹ್, ಅದರ ಹಿಂದೆಯೇ ಅಲ್ ಹಮ್ದು ಲಿಲ್ಲಾಹಿ. ಅಜ್ಜಿ ಕಲಿಸಿದ ಅದೇ ಎಳೆದಾಟದ ರಾಗ. ಎರಡನೆಯ ಸಾಲಿಗೆ ಆ ಹೆಂಗಸಿನ ತುಟಿ ಅಲುಗಿದವು. ಮೂರನೆಯದನ್ನು ಇಬ್ಬರೂ ಸೇರಿ ಹೇಳಿದರು. ಮುಗಿಯುವ ಹೊತ್ತಿಗೆ ಮಗುವಿನ ಮೇಲಿನ ಕೈ ಸಡಿಲಾಗಿತ್ತು.

ರೊಜಾಲಿಯಾ ಮಗುವನ್ನು ಮುಟ್ಟಿದಳು. ಜ್ವರವಿರುತ್ತದೆ ಅಂದುಕೊಂಡಿದ್ದಳು, ಜ್ವರವಿರಲಿಲ್ಲ. ಹಣೆ ನೆಲಮಾಳಿಗೆಯಲ್ಲಿಟ್ಟ ಆಲೂಗೆಡ್ಡೆಯಂತೆ ತಣ್ಣಗಿತ್ತು. ಕಾಲುಚೀಲ ಒದ್ದೆ, ಚಡ್ಡಿ ಒದ್ದೆ, ತುಟಿ ನೀಲಿ. ನಡುಗಬೇಕಾದ ಮಗು ನಡುಗುತ್ತಿರಲಿಲ್ಲ. ಹೆದರಿಕೆಗೆ ಅವಳ ಬಾಯಿಗೆ ಬಂದದ್ದು ಅಜ್ಜಿಯ ಮಾತು.

“ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್.”

ತಾಯಿ ಒಂದು ಕ್ಷಣ ಅವಳ ಮುಖ ನೋಡಿದಳು, ಮಗುವಿನ ಮುಖ ನೋಡಿದಳು. ಆಮೇಲೆ ಕಿರುಚಿದಳು. ಆ ಕೂಗು ಮರಗಳ ನಡುವೆ ರಸ್ತೆಯವರೆಗೆ ಓಡಿತು. ಮಗುವನ್ನು ಎತ್ತಿ ಕುಲುಕಿದಳು, ಎದೆಗೆ ಒತ್ತಿದಳು, ಮತ್ತೆ ಕುಲುಕಿದಳು.

ತಾನು ಏನಂದೆ ಎಂದು ರೊಜಾಲಿಯಾಗೆ ಹೊಳೆಯಲಿಲ್ಲ. ಈ ಸಾಲನ್ನು ಕೊನೆಯ ಸಲ ಎಲ್ಲಿ ಕೇಳಿದ್ದೆ ಎಂದು ನೆನಪು ಮಾಡಿಕೊಂಡಳು. ಕಳೆದ ತಿಂಗಳು, ಊರಿನ ಗೋರಿಸ್ಥಾನದಲ್ಲಿ. ನದಿಯಲ್ಲಿ ಸಿಕ್ಕಿದ ಹೆಸರಿಲ್ಲದ ಹುಡುಗನನ್ನು ಮಣ್ಣು ಮಾಡುವಾಗ ಇಮಾಮರು ಹೇಳಿದ್ದು ಇದನ್ನೇ. ಅದಕ್ಕೆ ಮುಂಚೆ ಅಜ್ಜಿಯನ್ನೂ ತಾನು ತೊಳೆದ ಹೆಂಗಸರನ್ನೂ ಮಣ್ಣು ಮಾಡುವಾಗಲೂ ಇದನ್ನೇ. ಸೂಜಿಗೂ ಹಸುವಿಗೂ ಅಜ್ಜಿ ಅದನ್ನು ಹೇಗೆ ಬಳಸಿದಳೋ, ಉಳಿದ ಲೋಕಕ್ಕೆಲ್ಲ ಅದು ಸಾವಿನ ಸುದ್ದಿ ಕೇಳಿದಾಗ ಹೇಳುವ ಮಾತು.

ಬದುಕಿರುವ ಮಗುವಿನ ಮೇಲೆ ಕೈಯಿಟ್ಟು, ಹೆತ್ತವಳ ಎದುರಿಗೆ. ಬಿಡ್ತು ಅನ್ನಬೇಕೆಂದರೆ ಅದಕ್ಕೆ ಅರಬ್ಬಿಯಲ್ಲಿ ಏನನ್ನುತ್ತಾರೋ ಗೊತ್ತಿಲ್ಲ.

ತಾಯಿಯ ಕೈಯನ್ನು ಬಲವಂತವಾಗಿ ಹಿಡಿದಳು. ಅವಳ ಎರಡು ಬೆರಳನ್ನು ಮಗುವಿನ ಕುತ್ತಿಗೆಯ ಮಡಿಕೆಗೆ ಒತ್ತಿಸಿ ಹಾಗೇ ಇಟ್ಟಳು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಂದು ಮಿಡಿತ, ನಿಧಾನವಾಗಿ ಇನ್ನೊಂದು. ತಾಯಿಯ ಉಸಿರು ಒಮ್ಮೆಲೇ ಹೊರಗೆ ಬಂತು.

ಅಷ್ಟರಲ್ಲಿ ರಸ್ತೆಯ ಮೇಲೆ ವಾಹನ ನಿಂತ ಸದ್ದಾಯಿತು. ಬಾಗಿಲು ತೆರೆಯಿತು, ಮುಚ್ಚಿತು.

ಓಡುವಂತಿರಲಿಲ್ಲ. ರೊಜಾಲಿಯಾ ಮಗುವಿನ ಒದ್ದೆ ಬಟ್ಟೆ ಬಿಚ್ಚಿದಳು, ತನ್ನ ಸ್ವೆಟರ್ ಎತ್ತಿ ಬರಿಯ ಹೊಟ್ಟೆಗೆ ಒತ್ತಿಕೊಂಡಳು, ಮೇಲೆ ಕೋಟು ಮುಚ್ಚಿ ತಲೆಯ ವಸ್ತ್ರವನ್ನು ಬಿಚ್ಚಿ ಮಗುವಿನ ಮುಖಕ್ಕೆ ಹೊದಿಸಿದಳು. ಮೈಗೆ ಮಂಜುಗಡ್ಡೆ ಕಟ್ಟಿಕೊಂಡಂತಾಗಿ ಹಲ್ಲು ಕಟಕಟಿಸಿದವು.

ಇಬ್ಬರು ಬಂದರು. ಮುಂದೆ ದಪ್ಪ ಮೀಸೆಯ ಸಾರ್ಜೆಂಟ್, ಹಿಂದೆ ಇನ್ನೂ ಮೀಸೆ ಸರಿಯಾಗಿ ಬರದ ಸಿಪಾಯಿ.

“ಯಾರಮ್ಮ ಕೂಗಿದ್ದು?” ಎಂದು ಸಾರ್ಜೆಂಟ್ ಕೇಳಿದ. ತಾಯಿಯನ್ನು ಕಂಡ, ಮುಖ ಮುಚ್ಚಿದ ಪುಟ್ಟ ದೇಹವನ್ನು ಕಂಡ, ನಿಂತ. “ಸತ್ತಿದೆಯಾ?”

ಬದುಕಿದೆ ಅಂದರೆ ಲಾರಿ, ಲಾರಿಯೆಂದರೆ ಬೇಲಿ. ಬೇಲಿಯಾಚೆ ರಾತ್ರಿ ಕಳೆದರೆ ಈ ಮಗು ಬೆಳಕು ನೋಡುವುದಿಲ್ಲ. ರೊಜಾಲಿಯಾ ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ತಾಯಿಯ ಕಣ್ಣನ್ನೇ ನೋಡುತ್ತ, ಮನಸ್ಸಿನೊಳಗೆ ‘ದೇವರೇ, ನೀನು ಕಿವಿ ಮುಚ್ಚಿಕೋ’ ಎಂದು ಬೇಡುತ್ತ, ಅದೇ ಸಾಲನ್ನು ಇನ್ನೊಮ್ಮೆ ಹೇಳಿದಳು. ಈ ಸಲ ತಿಳಿದೇ, ಗಟ್ಟಿಯಾಗಿ.

ತಾಯಿ ಅವಳನ್ನು ನೋಡಿದಳು. ಕಿರುಚಲಿಲ್ಲ. ಕೋಟಿನ ಹೊರಗೆ ಉಳಿದಿದ್ದ ಮಗುವಿನ ಪಾದವನ್ನು ಒಳಗೆ ಸೇರಿಸಿ, ಅಲ್ಲೇ ತಲೆಯಿಟ್ಟು ಸಣ್ಣ ದನಿಯಲ್ಲಿ ಗೋಳಿಡತೊಡಗಿದಳು.

ಸಿಪಾಯಿ ಟೋಪಿ ತೆಗೆದ.

“ಲಾರಿಗೆ ಹಾಕು, ಇಬ್ಬರನ್ನೂ,” ಅಂದ ಸಾರ್ಜೆಂಟ್. ದನಿಯಲ್ಲಿ ಬಿರುಸಿರಲಿಲ್ಲ.

“ಹೆಣವನ್ನ ಲಾರಿಗೆ ಹಾಕ್ತೀರಾ? ನಾಳೆ ಪ್ರಾಸಿಕ್ಯೂಟರ್ ತನಿಖೆಗೆ ಬಂದು ಎಲ್ಲಿತ್ತು, ಯಾರು ಎತ್ತಿದ್ರು ಅಂತ ಕೇಳಿದ್ರೆ ನೀವೇ ಹೇಳ್ತೀರಾ?”

“ನಿಮಗೆ ಹೇಗೆ ಗೊತ್ತು ಸತ್ತಿದೆ ಅಂತ?”

“ಈ ಊರಲ್ಲಿ ನಮ್ಮ ಹೆಂಗಸರ ಹೆಣ ತೊಳೆಯೋಳು ನಾನೇ. ರೊಜಾಲಿಯಾ ಯಾಸಿನ್ಸ್ಕಾ. ಬೇಕಾದ್ರೆ ವಿಚಾರಿಸಿ.” ಒಂದೊಂದು ಮಾತೂ ನಿಜವೇ. “ತೊಳೆಯೋ ಮುಂಚೆ ಗಂಡಸರು ಮುಟ್ಟಬಾರದು. ತಾಯಿ ಬಿಟ್ಟು ಹೋಗಬಾರದು. ಡಾಕ್ಟರನ್ನ ಕರೀರಿ, ಅವರು ಬರೆದುಕೊಡಲಿ.”

ಸಾರ್ಜೆಂಟ್ ಎರಡು ಹೆಜ್ಜೆ ಹಿಂದೆ ಸರಿದ. ಕರುಣೆಗಲ್ಲ. ಆ ತಿಂಗಳು ಕಾಡಿನಲ್ಲಿ ಸಿಕ್ಕ ಹೆಣಗಳ ಬಗ್ಗೆ ರಾಜಧಾನಿಯಲ್ಲಿ ಗದ್ದಲವಾಗಿತ್ತು, ಕೂಸಿನ ಹೆಣವೊಂದು ತನ್ನ ಹೆಸರಿಗೆ ಅಂಟುವುದು ಅವನಿಗೆ ಬೇಡವಾಗಿತ್ತು. ವಯರ್‌ಲೆಸ್ ಬಾಯಿಗೆ ಹಿಡಿದು ಆಂಬುಲೆನ್ಸ್ ಕೇಳಿದ.

ಕಾಯುವುದು ಶುರುವಾಯಿತು. ಅವಳ ಹೊಟ್ಟೆಯ ಶಾಖಕ್ಕೆ ಮಗುವಿನ ಮೈ ಇಷ್ಟಿಷ್ಟೇ ಮೆತ್ತಗಾಗುತ್ತಿತ್ತು. ಅದೇ ಈಗ ಭಯ. ಬಿಸಿಯಾದ ಮಗು ಅಳುತ್ತದೆ, ಕೆಮ್ಮುತ್ತದೆ, ಅಮ್ಮಾ ಅನ್ನುತ್ತದೆ. ಪುಟ್ಟ ಬೆರಳೊಂದು ಪಕ್ಕೆಲುಬಿನ ಮೇಲೆ ಕದಲಿತು. ಬದುಕು, ಆದರೆ ಸುಮ್ಮನೆ ಬದುಕು, ಎಂದು ರೊಜಾಲಿಯಾ ಒಳಗೇ ಹೇಳಿಕೊಂಡಳು. ಸಾರ್ಜೆಂಟ್ ಸಿಗರೇಟು ಹಚ್ಚಿದ. ಸಿಪಾಯಿ ನೆಲ ನೋಡುತ್ತಿದ್ದ, ಆಮೇಲೆ ಕೋಟನ್ನು ನೋಡತೊಡಗಿದ. ವಸ್ತ್ರದ ಅಂಚಿನಲ್ಲಿ ಚಳಿಗೆ ತೆಳ್ಳನೆಯ ಉಗಿ ಏಳುತ್ತಿತ್ತು. ರೊಜಾಲಿಯಾ ಬಗ್ಗಿ ತನ್ನ ಬಾಯಿ ಅಲ್ಲಿಗೆ ತಂದು, ಪ್ರಾರ್ಥಿಸುವವಳಂತೆ ಜೋರಾಗಿ ಉಸಿರುಬಿಟ್ಟಳು.

“ಗಾಡಿಗೆ ದಾರಿ ತೋರಿಸ್ಬೇಕಲ್ಲ, ರಸ್ತೆಗೆ ಹೋಗ್ಲಾ?” ಎಂದು ಸಿಪಾಯಿ ಕೇಳಿದ. ಉತ್ತರಕ್ಕೆ ಕಾಯದೆ ಹೊರಟ. ಅವನು ಕಂಡನೋ ಇಲ್ಲವೋ ಅವಳಿಗೆ ಕೊನೆಗೂ ತಿಳಿಯಲಿಲ್ಲ.

ಆಂಬುಲೆನ್ಸಿನ ಬೆಳಕು ಮರಗಳ ಮೇಲೆ ಬಿದ್ದಾಗ ಮಗು ಕೆಮ್ಮಿತು.

ಸಾರ್ಜೆಂಟ್ ಸಿಗರೇಟು ಎಸೆದು ನೇರ ಬಂದು ವಸ್ತ್ರ ಎಳೆದ. ಎರಡು ಕಣ್ಣು ಅವನನ್ನು ನೋಡಿದವು.

“ಸುಳ್ಳು ಹೇಳಿದ್ರಿ.”

“ಸತ್ತಿದೆಯಾ ಅಂದದ್ದು ನೀವು. ನಾನು ಪ್ರಾರ್ಥನೆ ಹೇಳಿದೆ, ಅಷ್ಟೇ.”

“ಎದ್ದೇಳಿ. ಮಗುವನ್ನ ಆ ಹೆಂಗಸಿಗೆ ಕೊಡಿ. ಲಾರಿ ಹತ್ತಲಿ.”

ರೊಜಾಲಿಯಾ ಏಳಲಿಲ್ಲ. ಆಂಬುಲೆನ್ಸಿನ ನರ್ಸು, ಕಿತ್ತಳೆ ಜಾಕೆಟ್ಟಿನ ಎತ್ತರದ ಹೆಂಗಸು, ಚೀಲ ಹಿಡಿದು ಬಂದು ನೆಲಕ್ಕೆ ಕೂತೇಬಿಟ್ಟಳು. ಕೋಟಿನೊಳಗೆ ಕೈ ತೂರಿಸಿ ಮಗುವಿನ ಕುತ್ತಿಗೆ ಮುಟ್ಟಿದಳು.

“ನಮ್ಮನ್ನ ಕರೆದದ್ದು ಯಾರು?” ಎಂದು ತಲೆಯೆತ್ತದೆ ಕೇಳಿದಳು.

“ನಾನೇ. ಆದ್ರೆ ಈಗ ಬೇಕಿಲ್ಲ, ವಾಪಸ್ ಹೋಗಿ.”

“ಕರೆದ್ರಿ, ಬಂದೆ, ರೋಗಿಯನ್ನ ಮುಟ್ಟಿದೆ. ಇನ್ನು ಇದು ನನ್ನ ರೋಗಿ. ಮೈ ಇಷ್ಟು ತಣ್ಣಗಿರೋ ಮಗುವನ್ನ ಬಿಟ್ಟು ಹೋದ್ರೆ ನಾಳೆ ಉತ್ತರ ಹೇಳೋಳು ನಾನು, ನೀವಲ್ಲ. ತಾಯಿ ಬರ್ತಾಳೆ, ಮಗುವಿಗೆ ಮೈಬಿಸಿ ಬೇಕು.”

“ತಾಯಿ ಬರಲ್ಲ.”

ಆಗ ತಾಯಿ ಎದ್ದು ನಿಂತಳು. ಬೀಳದಂತೆ ಮರವನ್ನು ಹಿಡಿದುಕೊಂಡಳು. ಕಾಡು ಸೇರುವವರೆಲ್ಲರೂ ಕಲಿತು ಬರುವ ಒಂದು ಪೋಲಿಷ್ ಮಾತಿತ್ತು, ಅದನ್ನು ಹೇಳಿದಳು: “ಅಜಿಲ್. ಪೋಲೆಂಡ್, ಅಜಿಲ್.” ಆಶ್ರಯ ಬೇಡುವ ಮಾತು, ಕೇಳಿಸಿಕೊಂಡರೆ ಆಚೆಗೆ ದೂಡುವಂತಿಲ್ಲ. ಸಾರ್ಜೆಂಟ್ ರಸ್ತೆಯ ಕಡೆ ಮುಖ ತಿರುಗಿಸಿದ. ಕೇಳಿಸದಿದ್ದರೆ ಕೇಳಿದಂತಲ್ಲ, ಅದು ಅವರ ಪದ್ಧತಿ. ಅವಳು ಇನ್ನೊಮ್ಮೆ ಹೇಳಿದಳು, ದನಿ ಒಡೆಯಿತು.

“ಆಶ್ರಯ ಕೇಳ್ತಿದ್ದಾಳೆ. ನನಗೆ ಕೇಳಿಸ್ತು,” ಅಂದಳು ರೊಜಾಲಿಯಾ.

ನರ್ಸು ಮಗುವನ್ನು ಹೊದಿಕೆಯಲ್ಲಿ ಸುತ್ತುತ್ತಿದ್ದಳು. “ನನಗೂ ಕೇಳಿಸ್ತು,” ಅಂದಳು. ಸ್ಟ್ರೆಚರ್ ಹಿಡಿದು ನಿಂತಿದ್ದ ಚಾಲಕ ಸಾರ್ಜೆಂಟನ್ನೊಮ್ಮೆ ನೋಡಿ, “ನನ್ನ ಕಿವಿಯೂ ಸರಿಯಾಗಿದೆ” ಅಂದ.

ಸಾರ್ಜೆಂಟ್ ಮೂವರ ಮುಖವನ್ನೂ ಒಂದೊಂದಾಗಿ ನೋಡಿದ. ಆಮೇಲೆ ಸಿಪಾಯಿಯನ್ನು ಕರೆದು, ಆಂಬುಲೆನ್ಸಿನಲ್ಲಿ ಅವರ ಜೊತೆಗೇ ಕಾವಲು ಹೋಗುವಂತೆ ಹೇಳಿದ. ಬಾಗಿಲು ಮುಚ್ಚುವ ಮುಂಚೆ ತಾಯಿ ಕೈ ಚಾಚಿ ರೊಜಾಲಿಯಾಳ ತೋಳು ಹಿಡಿದು ಏನೋ ಅಂದಳು. ಅದು ಪ್ರಾರ್ಥನೆಯ ಸಾಲಾಗಿರಲಿಲ್ಲ, ಹಾಗಾಗಿ ಅರ್ಥವಾಗಲಿಲ್ಲ.

ಗಾಡಿ ಹೋದ ಮೇಲೆ ಸಾರ್ಜೆಂಟ್ ಅವಳ ಹೆಸರು, ಮನೆ, ಗಂಡನ ಕೆಲಸ ಎಲ್ಲ ಕೇಳಿ ಬರೆದುಕೊಂಡ.

“ಇಲಾಖೆಯ ಟ್ರ್ಯಾಕ್ಟರಾ? ಯೋಚನೆ ಮಾಡಿ. ನಾಳೆ ಹೇಳಿಕೆ ಕೊಡೋಕೆ ಕರೀತಾರೆ. ಕೇಳಿಸ್ಲಿಲ್ಲ ಅಂದ್ರೆ ಅಲ್ಲಿಗೆ ಮುಗೀತು.”

“ಕೇಳಿಸ್ತು ಅಂತಲೇ ಹೇಳ್ತೀನಿ,” ಅಂದಳು ರೊಜಾಲಿಯಾ. ಚಳಿಗೆ ಮಾತು ತೊದಲಿತು. ಅದಕ್ಕೇ ಇನ್ನೊಮ್ಮೆ, ನಿಧಾನವಾಗಿ, ಅವನು ಬರೆದುಕೊಳ್ಳುವಂತೆ ಹೇಳಿದಳು.

ಹೇಳಿಕೆಗೆ ಕರೆದರು, ಹೋಗಿ ಹಾಗೇ ಹೇಳಿದಳು. ಚಳಿಗಾಲ ಮುಗಿಯುವವರೆಗೆ ಬ್ರೋನೆಕ್‌ನನ್ನು ಟ್ರ್ಯಾಕ್ಟರಿನಿಂದ ಇಳಿಸಿ ಗೋದಾಮು ಗುಡಿಸುವ ಕೆಲಸಕ್ಕೆ ಹಾಕಿದರು. ಮಗುವಿನ ಹೆಸರು ಲಾನಾ, ತಾಯಿ ಶೆರ್ಮಿನ್, ಇರಾಕಿನ ಕುರ್ದಿಶ್ ಕಡೆಯವರು ಎಂದು ನರ್ಸು ಹೇಳಿಕಳಿಸಿದಳು. ಶೆರ್ಮಿನ್‌ಳ ಗಂಡನನ್ನು ಬೇರೆ ಲಾರಿಯಲ್ಲಿ ಆಚೆಗೆ ದೂಡಿದ್ದರು, ಅವನೆಲ್ಲಿದ್ದಾನೋ ತಿಳಿದಿಲ್ಲ. ಲಾನಾಳ ಎಡಗಾಲಿನ ಎರಡು ಬೆರಳು ಹೋದವು. ಅವರ ಅರ್ಜಿ ಇನ್ನೂ ತೀರ್ಮಾನವಾಗಿಲ್ಲ, ಆಸ್ಪತ್ರೆಯಿಂದ ಬೀಗವಿರುವ ಶಿಬಿರಕ್ಕೆ ಕಳಿಸಿದ್ದಾರೆ. ಶಿಬಿರ ಬೇಲಿಯ ಈ ಕಡೆಗಿದೆ.