ಪದದ ನಡುವೆ ನಿಂತ ಉಸಿರು

ನಮ್ಮ ಡ್ರಾಮಾ ಮೇಷ್ಟ್ರ ಮೂಗಿನ ಹೊಳ್ಳೆಗಳು ಎಷ್ಟು ಅಗಲವಾಗಿದ್ದವೆಂದರೆ, ಒಂದೊಂದರಲ್ಲಿ ಒಂದೊಂದು ಹುಣಸೆಬೀಜ ಇಟ್ಟರೂ ಅವರಿಗೆ ಗೊತ್ತಾಗುವುದಿಲ್ಲ ಎಂದು ನಮ್ಮಪ್ಪ ತಮಾಷೆ ಮಾಡುತ್ತಿದ್ದರು. ಪದ್ಯ ಶುರು ಮಾಡುವ ಮುಂಚೆ ಆ ಹೊಳ್ಳೆಗಳು ಒಮ್ಮೆ ಅರಳುತ್ತಿದ್ದವು, ಎದೆ ಮೇಲೇಳುತ್ತಿತ್ತು, ಆಮೇಲೆ ಸಾಲು ಮುಗಿಯುವವರೆಗೆ ಎರಡೂ ಅಲುಗುತ್ತಿರಲಿಲ್ಲ. ಎಡಗೈ ಹಾರ್ಮೋನಿಯಂನ ತಿದಿ ಒತ್ತುತ್ತಿತ್ತು, ಬಲಗೈ ಮೇಲೆ ಓಡುತ್ತಿತ್ತು, ಬಾಯಲ್ಲಿ ಎಲೆಯಡಿಕೆ ಒಂದು ಮೂಲೆಗೆ ಸರಿದು ಕೂತಿರುತ್ತಿತ್ತು. ಆ ಎಲೆಯಡಿಕೆಯಿಂದ ಅವರ ತುಟಿ ವರ್ಷವಿಡೀ ಕೆಂಪು. ಆ ಕೆಂಪಿನ ಮೇಲೂ ನನಗೆ ಈಗ ಸಿಟ್ಟಿದೆ, ಯಾಕೆಂದು ಹೇಳುತ್ತೇನೆ.

ಗುಬ್ಬಿ, ಕುಣಿಗಲ್ ಕಡೆಯ ಊರುಗಳಲ್ಲಿ ಪೌರಾಣಿಕ ನಾಟಕ ಕಲಿಸುವುದು ಅವರ ಕಸುಬು. ಒಂದು ಊರಿನವರು ನಾಟಕ ಆಡಬೇಕೆಂದು ಕೂತರೆ ಮೇಷ್ಟ್ರನ್ನು ಕರೆಸಿ, ಊಟ ಹಾಕಿ, ಮಲಗಲು ಜಾಗ ಕೊಟ್ಟು ತಿಂಗಳುಗಟ್ಟಲೆ ಇಟ್ಟುಕೊಳ್ಳುತ್ತಾರೆ. ನಮ್ಮ ಕಡೆ ಪದ್ಯವನ್ನು ಯಾರೂ ಓದಿ ಕಲಿಯುವುದಿಲ್ಲ, ಮೇಷ್ಟ್ರ ಬಾಯಿ ನೋಡಿ ಕಲಿಯುತ್ತಾರೆ. ಅವರು ಎಳೆದ ಕಡೆ ಎಳೆಯಬೇಕು, ನಿಲ್ಲಿಸಿದ ಕಡೆ ನಿಲ್ಲಿಸಬೇಕು. ಯಾರಾದರೂ ಸಾಲಿನ ನಡುವೆ ಉಸಿರು ತೆಗೆದುಕೊಂಡರೆ ಮೇಷ್ಟ್ರು ಹಾರ್ಮೋನಿಯಂ ಮುಚ್ಚಿಬಿಡುತ್ತಿದ್ದರು.

"ಏನ್ಲಾ, ಉಸ್ರುನ್ನ ಯಾವ್ ಸಂತೇಲಿ ಮಾರ್ಕೊಂಡ್ ಬಂದೆ? ಪದ ಒಡೆದ್ರೆ ದೇವ್ರ್ ಮುಂದೆ ಕಾಯಿ ಒಡ್ದಂಗಲ್ಲ ಕಣೋ, ತಲೆ ಒಡ್ದಂಗೆ."

ಮಹಾ ಜಂಬದ ಮನುಷ್ಯ. ಕೂದಲಿಗೆ ಬಣ್ಣ ಹಾಕದೆ ಬಸ್ ಹತ್ತುತ್ತಿರಲಿಲ್ಲ. ಕಾಫಿಗೆ ಸಕ್ಕರೆ ಕಡಿಮೆಯಾದರೆ ಲೋಟವನ್ನು ಮುಟ್ಟದೆ ಹಾಗೇ ದೂರ ಸರಿಸಿ, ಮಾಡಿದವರ ಮುಖ ನೋಡುತ್ತಿದ್ದರು. ಗುಬ್ಬಿ ತಾಲ್ಲೂಕಿನ ಕಡಬದ ಹತ್ತಿರದ ನಮ್ಮೂರಿಗೆ ಅವರು ಬಂದಾಗ ನಮ್ಮನೆ ಹಜಾರದಲ್ಲೇ ಪ್ರಾಕ್ಟೀಸ್ ನಡೆಯುತ್ತಿತ್ತು, ಅಪ್ಪನಿಗೆ ಮಂತ್ರಿಯ ಪಾತ್ರ. ಆಗ ನನಗೆ ಏಳು ವರ್ಷ.

ಒಂದು ಸಂಜೆ ನನಗೆ ಉಸಿರಾಟ ಬಿಗಿಯಿತು. ಮಧ್ಯಾಹ್ನದಿಂದಲೇ ಕೆಮ್ಮು, ಎದೆಯಲ್ಲಿ ಕುಯ್ಯೆನ್ನುವ ಸದ್ದು. ಅಜ್ಜಿ ಕರ್ಪೂರದ ಎಣ್ಣೆ ಕಾಯಿಸಿ ಎದೆಗೆ ತಿಕ್ಕಿದಳು, ದೃಷ್ಟಿ ತೆಗೆದಳು, "ಶೀತ ಕಣೇ, ಬೆಳಗಾದ್ರೆ ಹೋಯ್ತದೆ" ಅಂದಳು. ಹಜಾರದಲ್ಲಿ ಪದ್ಯ ನಡೆದೇ ಇತ್ತು. ನಾನು ಕಂಬಕ್ಕೆ ಒರಗಿ ಕೂತಿದ್ದೆ. ಮೇಷ್ಟ್ರು ಹಾಡುತ್ತಾ ಹಾಡುತ್ತಾ ನನ್ನ ಕಡೆ ನೋಡಿದರು, ಸಾಲಿನ ನಡುವೆ ನಿಲ್ಲಿಸಿದರು. ಅವರು ಹಾಗೆ ನಿಲ್ಲಿಸಿದ್ದನ್ನು ಯಾರೂ ಕಂಡಿರಲಿಲ್ಲವಾದ್ದರಿಂದ ಎಲ್ಲರೂ ತಿರುಗಿದರು.

ಎದ್ದು ಬಂದು ನನ್ನ ಫ್ರಾಕು ಎತ್ತಿ ನೋಡಿದರು. "ಇಲ್ನೋಡ್ಲಾ," ಎಂದು ಅಪ್ಪನನ್ನು ಕರೆದರು, "ಉಸ್ರೆಳ್ದಾಗೆಲ್ಲ ಪಕ್ಕೆ ಒಳಿಕ್ ಹೋಯ್ತಾ ಐತೆ. ಮೂಗಿನ್ ಹೊಳ್ಳೆ ನೋಡು." ಆಮೇಲೆ ನನ್ನ ಗಲ್ಲ ಹಿಡಿದು, "ಮಗಾ, ನಿನ್ ಹೆಸ್ರು, ಊರು, ಒಂದೇ ಉಸ್ರಲ್ಲಿ ಹೇಳವ್ವ," ಅಂದರು. ನನ್ನ ಹೆಸರಿನ ಅರ್ಧಕ್ಕೇ ಉಸಿರು ಮುಗಿಯಿತು. ಊರು ಬರಲೇ ಇಲ್ಲ.

"ಹೆಸ್ರು ಹೇಳಕ್ಕೆ ಉಸ್ರು ಸಾಲ್ದಿದ್ರೆ ಅದು ಶೀತ ಅಲ್ಲ. ಎತ್ಕೊ, ನಡಿ ಆಸ್ಪತ್ರೆಗೆ."

ಅಜ್ಜಿ ಅಮಾವಾಸ್ಯೆ ಅಂದಳು. ಹೊಸಿಲು ದಾಟಿಸಬೇಡಿ ಅಂದಳು. ಮೇಷ್ಟ್ರು ಎಂಥ ಗಂಟಲಿನಲ್ಲಿ ಬೈದರೆಂಬುದನ್ನು ಆ ಬೀದಿ ಇನ್ನೂ ನೆನೆಯುತ್ತದೆ. ಅವರ ತಂಗಿ ಚಿಕ್ಕಂದಿನಲ್ಲಿ ಹೀಗೇ ಪಕ್ಕೆ ಸೆಳೆದು ಸತ್ತಿದ್ದಳಂತೆ. "ಅವ್ಳ್ಗೂ ಕರ್ಪೂರದೆಣ್ಣೇನೇ ತಿಕ್ಕಿದ್ರು ಕಣಮ್ಮೋ. ಗಮಗಮ ಅಂತ ಹೋದ್ಲು." ಅಪ್ಪ ಬೈಕ್ ತೆಗೆದರು, ಮೇಷ್ಟ್ರು ಹಿಂದೆ ನನ್ನನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡರು. ಮಲಗಿಸಿದರೆ ಇನ್ನೂ ಕಟ್ಟುತ್ತದೆ ಎಂದು ಗುಬ್ಬಿ ಬರುವವರೆಗೆ ನನ್ನ ಬೆನ್ನನ್ನು ತಮ್ಮ ಎದೆಗೆ ಆನಿಸಿ ಹಿಡಿದಿದ್ದರು. ಗುಬ್ಬಿಯಲ್ಲಿ ಮಾಸ್ಕ್ ಹಾಕಿ ತುಮಕೂರಿಗೆ ಕಳಿಸಿದರು. ಬೆಳಗಿನವರೆಗೆ ಕಾದಿದ್ದರೆ ಕಷ್ಟವಿತ್ತು ಎಂದು ಅಲ್ಲಿಯ ಡಾಕ್ಟರು ಅಪ್ಪನಿಗೆ ಹೇಳಿದರು.

ಆಮೇಲೆ ನನಗೆ ಇನ್‌ಹೇಲರ್ ಬಂತು, ಅದರ ಹಿಂದೆಯೇ ಊರಿನ ಬುದ್ಧಿವಾದವೂ ಬಂತು. ಅದು ಚಟ ಆಗುತ್ತದೆ, ಹೆಣ್ಣುಮಗು, ನಾಳೆ ಗಂಡು ಸಿಕ್ಕುವುದಿಲ್ಲ. ಮೇಷ್ಟ್ರು ವರ್ಷಕ್ಕೊಮ್ಮೆಯಾದರೂ ಬಂದು ಎಲ್ಲರೆದುರು ಕೇಳುತ್ತಿದ್ದರು, "ಎಲ್ಲವ್ವ ನಿನ್ ಪಿಚಕಾರಿ? ಸೇದು, ನೋಡ್ಲಿ ಇವ್ರೆಲ್ಲ. ಸತ್ತೋಳ್ನ ಯಾವ್ ಗಂಡು ಮದ್ವೆ ಆಯ್ತಾನೆ ಕೇಳು." ಇವತ್ತಿಗೂ ನಾನು ಕ್ಯಾತ್ಸಂದ್ರದ ಕಾಲೇಜಿನ ಆಫೀಸಿನಲ್ಲಿ ಕೂತು, ಸಾಲಿನಲ್ಲಿ ನಿಂತ ಹುಡುಗರೆದುರೇ ಸೇದುತ್ತೇನೆ. ಮದುವೆಯೂ ಆಯಿತು.

ಇಂಥ ಮನುಷ್ಯ ತಮ್ಮ ವಿಷಯಕ್ಕೆ ಬಂದಾಗ ಏನು ಮಾಡಿದರು ಎಂಬುದೇ ನನ್ನ ಹೊಟ್ಟೆ ಉರಿಸುವುದು.

ಹೋದ ವರ್ಷ ಅವರು ಕುಣಿಗಲ್ ಹತ್ತಿರದ ಒಂದೂರಿನಲ್ಲಿ ಕಲಿಸುತ್ತಿದ್ದರು. ಎಪ್ಪತ್ತು ದಾಟಿತ್ತು, ಹೆಂಡತಿ ತೀರಿಹೋಗಿದ್ದರು. ತುಮಕೂರಿನಲ್ಲಿ ಹಾಲ್ ಬುಕ್ ಆಗಿತ್ತು, ಡ್ರೆಸ್‌ನವರಿಗೆ ಹೇಳಿಯಾಗಿತ್ತು. ನಾಟಕಕ್ಕೆ ಒಂದು ವಾರ ಮುಂಚೆ ಒಂದು ಭಾನುವಾರ, ಪ್ರಾಕ್ಟೀಸ್ ನೋಡಲು ಬಾ ಎಂದು ಕರೆದರು. ಮಧ್ಯಾಹ್ನ ಹೋದೆ. ಊರಿನ ಸಮುದಾಯ ಭವನದಲ್ಲಿ ಚಾಪೆ ಹಾಸಿ ಎಲ್ಲರೂ ಕೂತಿದ್ದರು. ಮೇಷ್ಟ್ರು ಗೋಡೆಗೆ ಒರಗಿ, ಸ್ವೆಟರ್ ಹಾಕಿ, ಕಣ್ಣು ಮುಚ್ಚಿದ್ದರು. ತುಟಿ ಎಂದಿನಂತೆ ಕೆಂಪು. ಆಯಾಸವಿರಬೇಕು ಅಂದುಕೊಂಡೆ.

ರಾಜನ ಪಾತ್ರದವನು ಎದ್ದು ನಿಂತ. ಆತ ಆ ಊರಿನ ಕಂಟ್ರಾಕ್ಟರ್, ನಾಟಕ ಮಾಡಿಸುತ್ತಿದ್ದವನೂ ಅವನೇ. ಪದ್ಯದಲ್ಲಿ 'ಸಿಂಹಾಸನ' ಎಂಬ ಮಾತು ಬಂತು. 'ಸಿಂಹಾ' ಎಂದು ನಿಲ್ಲಿಸಿ, ಸುಯ್ಯೆಂದು ಉಸಿರೆಳೆದು, 'ಸನ' ಎಂದ. ಹಾರ್ಮೋನಿಯಂ ಮುಚ್ಚುತ್ತದೆ, ಬೈಗುಳ ಬೀಳುತ್ತದೆ ಎಂದು ಕಾದೆ. ಏನೂ ಇಲ್ಲ. ಮಂತ್ರಿ ಎದ್ದ, ಅವನೂ ಒಂದು ಪದವನ್ನು ನಡುವೆ ಒಡೆದು ಸುಯ್ಯೆಂದ. ರಾಣಿ ಪಾತ್ರದ ಹುಡುಗನೂ ಹಾಗೇ. ಅದೇ ಸುಯ್ಯುವ ಸದ್ದು, ಅದೇ ಭುಜ ಎತ್ತುವುದು. ಮೂವರಿಗೂ ಒಂದೇ ತಪ್ಪು ಹೇಗೆ ಬಂತು ಎಂದು ಯೋಚಿಸುವಷ್ಟರಲ್ಲಿ ಮೇಷ್ಟ್ರು ತಾವೇ ಆ ಸಾಲನ್ನು ಹೇಳಿಕೊಟ್ಟರು. "ಸಿಂಹಾ" ಎಂದರು. ನಿಂತರು. ಹೊಳ್ಳೆ ಅರಳಿತು, ಭುಜ ಮೇಲೇರಿತು, ಕತ್ತಿನ ನರ ಎದ್ದು ನಿಂತಿತು. "ಸನ."

ಅಷ್ಟೂ ಜನ ಅವರ ಏದುಸಿರನ್ನು ಪದ್ಯದ ಜೊತೆಗೆ ಬಾಯಿಪಾಠ ಮಾಡಿಕೊಂಡಿದ್ದರು.

"ಮೇಷ್ಟ್ರುದು ಈ ಸಲ ಹೊಸಾ ಸ್ಟೈಲು ಮೇಡಂ," ಎಂದ ರಾಜ, ನಾನು ಬಾಯಿ ತೆರೆದು ಕೂತಿದ್ದು ನೋಡಿ.

ಹತ್ತಿರ ಹೋದೆ. ಹಾರ್ಮೋನಿಯಂ ಮೇಲಿದ್ದ ಅವರ ಉಗುರುಗಳು ನೇರಳೆ ಹಣ್ಣು ತಿಂದವರ ನಾಲಿಗೆಯಂತಿದ್ದವು. ತುಟಿಯೂ ಹಾಗೇ ಆಗಿತ್ತು, ಎಲೆಯಡಿಕೆ ಅದನ್ನು ಮುಚ್ಚಿತ್ತು. ಕೈ ಮುಟ್ಟಿದರೆ ಸುಡುತ್ತಿತ್ತು. ಎಷ್ಟು ದಿನದಿಂದ ಹೀಗೆ ಎಂದು ಕೇಳಿದರೆ ಒಬ್ಬೊಬ್ಬರೂ ಒಂದೊಂದು ಹೇಳಿದರು.

"ಗ್ಯಾಸು ಮೇಡಂ. ಸೋಡ ಕುಡ್ಸಿದೀವಿ," ಎಂದ ರಾಜ. "ಜ್ವರದ್ ಮಾತ್ರೆ ಕೊಟ್ಟಿದೀವಿ. ವಯಸ್ಸಾಯ್ತಲ್ಲ, ಅಷ್ಟು ಇದ್ದೇ ಇರ್ತದೆ. ಏನೂ ಆಗಲ್ಲ ಬುಡಿ."

ಏನೂ ಆಗಲ್ಲ ಬುಡಿ. ನಮ್ಮ ಜಿಲ್ಲೆಯಲ್ಲಿ ಈ ಮಾತು ತೆಗೆದುಕೊಂಡಷ್ಟು ಪ್ರಾಣವನ್ನು ಯಾವ ಹುಲಿಯೂ ತೆಗೆದಿರಲಾರದು. ಕೆಮ್ಮಿದರೆ ಧೂಳು, ಎದೆ ಹಿಡಿದರೆ ಗ್ಯಾಸು, ಮಂಪರು ಕವಿದರೆ ನಿದ್ದೆ ಬಂದಿದೆ ಮಲಗಲಿ. ಅನ್ನ ಹಾಕಿ, ಹಾಸಿಗೆ ಕೊಟ್ಟು, ಕಾಲಿಗೆ ಬೀಳುವ ಇಪ್ಪತ್ತು ಜನರ ನಡುವೆ ಒಬ್ಬ ಮನುಷ್ಯ ಉಸಿರಿಗೆ ಬಾಯಿ ಬಿಡುತ್ತಿದ್ದರೆ, ಇವರು ಅದಕ್ಕೆ ತಾಳ ಹಾಕುತ್ತಾ ಕೂತಿದ್ದರು.

ಮೇಷ್ಟ್ರಾದರೂ ಏನಂದರು? "ನಾಟ್ಕ... ಮುಗೀಲಿ ಕಣವ್ವ."

ನಾನು ಅವರೆದುರು ಕುಕ್ಕರಗಾಲಲ್ಲಿ ಕೂತೆ. "ನಿಮ್ಮ ಹೆಸರು, ಊರು, ಒಂದೇ ಉಸಿರಲ್ಲಿ ಹೇಳಿ," ಎಂದೆ. ನನ್ನ ಮುಖ ನೋಡಿದರು. ಹೇಳಲು ಹೊರಟರು. ಊರಿನ ಹೆಸರು ಬರುವ ಮುಂಚೆ ನಿಂತರು, ಮತ್ತೆ ಹೊರಟರು, ಮತ್ತೆ ನಿಂತರು. ನಾನು ಆಂಬುಲೆನ್ಸ್‌ಗೆ ಫೋನ್ ಮಾಡಿದೆ.

"ಟ್ರಯಲ್ ಒಂದ್ ಮುಗಿಸ್ಕೊಂಡು ಸಂಜೆ ನಮ್ ಕಾರಲ್ಲೇ ಕಳಿಸ್ತಿದ್ವಲ್ಲ ಮೇಡಂ," ಎಂದ ರಾಜ. ನಾನು ಅವನಿಗೆ ಹೇಳಿದ ಮಾತನ್ನು ಇಲ್ಲಿ ಬರೆಯಲಾರೆ.

ಕುಣಿಗಲ್ ಆಸ್ಪತ್ರೆಯಲ್ಲಿ ಬೆರಳಿಗೆ ಹಾಕಿದ ಕ್ಲಿಪ್ಪಿನ ನಂಬರ್ ನೋಡಿ ನರ್ಸ್ ಓಡಿದಳು. ಆಕ್ಸಿಜನ್ ಹಾಕಿ, ಇಲ್ಲಿ ಆಗುವುದಿಲ್ಲವೆಂದು ತುಮಕೂರಿಗೆ ಕಳಿಸಿದರು. ದಾರಿಯಲ್ಲಿ ಮೇಷ್ಟ್ರು ಮಾಸ್ಕನ್ನು ಸ್ವಲ್ಪ ಎತ್ತಿ, ತಡೆದು ತಡೆದು ಕೇಳಿದರು, "ಹೆಸ್ರು, ಊರು... ಕೇಳೋದು... ಯಾರ್ ಹೇಳ್ಕೊಟ್ರು... ನಿಂಗೆ?" ಮಾಸ್ಕನ್ನು ಮತ್ತೆ ಒತ್ತಿ ಹಿಡಿದೆ. ನೀವೇ ಅಲ್ಲವಾ, ನಿಮಗೆ ನೀವು ಯಾಕೆ ಕೇಳಿಕೊಳ್ಳಲಿಲ್ಲ ಎಂದು ಜೋರಾಗಿಯೇ ಕೇಳಿದೆ. ತುಮಕೂರಿನಲ್ಲಿ ಎಕ್ಸ್‌ರೇ ತೆಗೆದರು. ನ್ಯುಮೋನಿಯಾ, ಎರಡೂ ಕಡೆ. "ಇಷ್ಟು ದಿನ ಏನ್ಮಾಡ್ತಿದ್ರಿ?" ಎಂದು ಡಾಕ್ಟರು ಕೇಳಿದಾಗ ನನ್ನ ಹಿಂದೆ ರಾಜ, ಮಂತ್ರಿ ಇಬ್ಬರೂ ನೆಲ ನೋಡುತ್ತಾ ನಿಂತಿದ್ದರು. ಬುಧವಾರ ಬೆಳಿಗ್ಗೆ ಮೇಷ್ಟ್ರು ಹೋದರು.

ತಿಂಗಳು ಬಿಟ್ಟು, ಅವರ ಆತ್ಮಕ್ಕೆ ಶಾಂತಿ ಸಿಗಲಿ ಎಂದು ನಾಟಕ ಆಡಿದರು. ಬೆಳಿಗ್ಗೆ ಹತ್ತಕ್ಕೇ ತುಮಕೂರಿನ ಹಾಲ್ ತುಂಬಿತ್ತು. ವೇದಿಕೆಯ ಪಕ್ಕ ಮೇಷ್ಟ್ರ ಫೋಟೊ, ಹಾರ, ಫ್ಲೆಕ್ಸ್. ರಾಜ ಮೈಕ್ ಹಿಡಿದು, "ಗುರುಗಳು ಕೊನೇ ಉಸಿರಿರೋವರೆಗೂ ಕಲಾಸೇವೆ ಮಾಡಿದ್ರು," ಎಂದ. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಪದ್ಯ ಶುರುವಾಯಿತು. 'ಸಿಂಹಾ', ಸುಯ್, 'ಸನ'. ಮಂತ್ರಿಯೂ ಸುಯ್ಯೆಂದ, ರಾಣಿಯೂ ಸುಯ್ಯೆಂದಳು. ಸತ್ತ ಮನುಷ್ಯನ ಏದುಸಿರು ಒಂದೊಂದಾಗಿ ಮೈಕಿನಲ್ಲಿ ಬರುತ್ತಿತ್ತು, ಮುಂದಿನ ಸಾಲಿನವರು ತಲೆದೂಗುತ್ತಿದ್ದರು.

ಮಧ್ಯಾಹ್ನದ ಬಿಡುವಿನಲ್ಲಿ ವೇದಿಕೆಯ ಹಿಂದಕ್ಕೆ ಹೋದೆ. ರಾಜ ಕಿರೀಟ ತೆಗೆದಿಟ್ಟು, ಬೆವರಿಗೆ ಕರಗುತ್ತಿದ್ದ ಬಣ್ಣವನ್ನು ಬಟ್ಟೆಯಲ್ಲಿ ಒತ್ತಿಕೊಳ್ಳುತ್ತಿದ್ದ.

"ಆ ಪದವನ್ನ ನಡುವೆ ಒಡೀಬೇಡಿ," ಎಂದೆ.

"ಮೇಷ್ಟ್ರು ಹಂಗೇ ಹೇಳ್ಕೊಟ್ಟಿದ್ದು ಮೇಡಂ."

"ಅವರು ಹಾಗೆ ಹೇಳಿಕೊಡಲಿಲ್ಲ. ಹಾಗೆ ಸಾಯ್ತಾ ಇದ್ರು. ನೀವು ಕಲಿತ್ಕೊಂಡ್ರಿ."

ಆತ ಬಟ್ಟೆಯನ್ನು ಮುಖದಿಂದ ತೆಗೆಯಲಿಲ್ಲ. ನಾನು ಆ ಸಾಲನ್ನು ಮೇಷ್ಟ್ರು ನಮ್ಮನೆ ಹಜಾರದಲ್ಲಿ ಹೇಳುತ್ತಿದ್ದ ಹಾಗೆ ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿನಲ್ಲಿ, ಅವರೇ ಉಳಿಸಿಕೊಟ್ಟ ಉಸಿರಿನಲ್ಲಿ, ಹೇಳಿ ಹೊರಗೆ ಬಂದೆ.