ಬೇರೆಯವರ ಹೆಸರಿನ ಪಾಸು

ಹದಿನೈದು ದಿನಗಳಿಂದ ದಿನಚರಿಯಲ್ಲಿ ಎಲ್ಲವನ್ನೂ ಬರೆದಿದ್ದೇನೆ, ಒಂದನ್ನು ಬಿಟ್ಟು. ಆಸ್ಪತ್ರೆಯ ಚೀಟಿಯ ಮೇಲಿರುವ ಹೆಸರು ನನ್ನ ಕೈಬರಹದ್ದು. ಅದು ತಪ್ಪು ಹೆಸರು.

ಬೆಳಗಿನ ಆರು ಗಂಟೆ. ಶಿವಮೊಗ್ಗದ ಹೊರವಲಯದ, ಕಬ್ಬಿಣ ಎರಕ ಹೊಯ್ಯುವ ಫೌಂಡ್ರಿಯೊಂದರ ಗೇಟಿನಲ್ಲಿ ಹಾಲಮ್ಮ ನಿಂತಿದ್ದಾರೆ. ಭದ್ರಾವತಿಯ ಓಲ್ಡ್ ಟೌನ್‌ನಿಂದ ಮೊದಲ ಬಸ್ಸಿಗೆ ಬಂದವರು. ತಗಡಿನ ಶೆಡ್ಡುಗಳಿಂದ ಒಡಿಶಾ, ಬಿಹಾರದ ಕೆಲಸಗಾರರು ಬರುತ್ತಿದ್ದಂತೆ ಒಬ್ಬೊಬ್ಬರನ್ನೇ ತಡೆದು, ಪಾಸಿನಲ್ಲಿರುವುದು ನಿನ್ನದೇ ಹೆಸರಾ ಎಂದು ಹಿಂದಿಯಲ್ಲಿ ಕೇಳುತ್ತಾರೆ. "ಏ ಭೈಯ್ಯಾ, ಪಾಸ್ ದಿಖಾವ್. ಯೇ ತೇರಾ ನಾಮ್ ಹೈ ಕ್ಯಾ?"

ಪಾಸು ಕನ್ನಡದಲ್ಲಿದೆ, ಆ ಕೆಲಸಗಾರರಿಗೆ ಓದಲು ಬಾರದು. ಕೆಲಸ ಬಿಟ್ಟುಹೋದವರ ಪಾಸನ್ನೇ ಹೊಸಬರ ಕೊರಳಿಗೆ ಹಾಕುವುದು ಇಲ್ಲಿಯ ರೂಢಿ.

ಕೆಲಸಗಾರರ ಉಸ್ತುವಾರಿಯ ಮೇಸ್ತ್ರಿ ಗೇಟಿನ ಬಳಿ ನಿಂತು ನಗುತ್ತಾನೆ. "ನಿಂಗೆ ಮನೇಲಿ ಒಲೆ ಇಲ್ವಾ ಮಾರಾಯ್ತಿ?"

"ಇದೆ ಕಣಪ್ಪಾ. ನಿನ್ ಶೆಡ್ಡಲ್ಲಿ ಇಪ್ಪತ್ತು ಜನಕ್ಕೆ ಒಂದೇ ಇದೆಯಲ್ಲ, ಅದ್ನ ನೋಡು."

ಹಾಲಮ್ಮನಿಗೆ ಅರವತ್ತೊಂದು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಇಪ್ಪತ್ತೆರಡು ವರ್ಷ ತಟ್ಟೆ ತೊಳೆದರು. ತಮಿಳು, ತೆಲುಗು, ಹಿಂದಿ ಅಲ್ಲೇ ಕಿವಿಗೆ ಬಿದ್ದದ್ದು. ಅಕ್ಷರ ಕೂಡಿಸಿ ಓದುತ್ತಾರೆ. ಬರೆಯಲು ಬರುವುದು ತಮ್ಮ ಸಹಿ ಮಾತ್ರ. ಗಂಡ ನಾಗಯ್ಯ ಅಲ್ಲೇ ಕಾಂಟ್ರಾಕ್ಟ್ ಕೂಲಿ. ಎದೆಗೆ ಧೂಳು ಸೇರಿ ಹಾಸಿಗೆ ಹಿಡಿದಾಗ, ಈ ಹೆಸರಿನವರು ನಮ್ಮಲ್ಲಿಲ್ಲ ಎಂದು ಕಾರ್ಖಾನೆಯವರು ಹೇಳಿಬಿಟ್ಟರಂತೆ. "ಅವ್ರ ಅಂಗಿ ನೆನೆಸಿದ್ರೆ ಇವತ್ತೂ ಮಸಿ ಬಿಡುತ್ತೆ," ಎನ್ನುತ್ತಾರೆ ಹಾಲಮ್ಮ.

ಒಂಬತ್ತು ವರ್ಷಗಳಲ್ಲಿ ಅರವತ್ತೇಳು ಜನರ ಜೊತೆ ಲೇಬರ್ ಆಫೀಸಿನ ಮೆಟ್ಟಿಲು ಹತ್ತಿದ್ದಾರೆ. ನ್ಯಾಯ ಸಿಕ್ಕಿದ್ದು ನಾಲ್ವರಿಗೆ. ಉಳಿದವರು ಊರಿನ ರೈಲು ಹತ್ತಿದರು. ಆದರೂ ಯಾಕೆ ಬರುತ್ತೀರಿ ಎಂದು ಕೇಳುತ್ತೇನೆ. "ಗೊತ್ತಿಲ್ಲ ಕಣೇ. ಬೆಳಿಗ್ಗೆ ಎಚ್ಚರ ಆಗ್ಬಿಡುತ್ತೆ."

ಅರವತ್ತೆಂಟನೆಯವನು ಗುರುಬಾರು ಮಾಝಿ, ಒಡಿಶಾದ ಬಲಾಂಗೀರ್ ಕಡೆಯವನು. ಪತ್ರಿಕೆಗೆ ಹಾಲಮ್ಮನ ಬಗ್ಗೆ ಬರೆಯಲೆಂದು ನಾನು ಮೊದಲ ಸಲ ಬಂದ ದಿನವೇ ಅವನ ಬಲಗೈಯ ಮೂರು ಬೆರಳು ಯಂತ್ರಕ್ಕೆ ಹೋದವು. ಆಸ್ಪತ್ರೆಯಲ್ಲಿ ಹಾಲಮ್ಮ ತಮ್ಮ ಸೆರಗಿನಿಂದ ಆ ಕೈಯನ್ನು ಒತ್ತಿ ಹಿಡಿದಿದ್ದರು. ಚೀಟಿ ತುಂಬಿಸಿದವಳು ನಾನು. ಅವನ ಹೆಸರನ್ನು ಅವನನ್ನೇ ಕೇಳಲಿಲ್ಲ. ಕೊರಳ ಪಾಸಿನಲ್ಲಿದ್ದುದನ್ನು ನಕಲು ಮಾಡಿದೆ: ಮಲ್ಲೇಶ್.

ಸಂಜೆಯೊಳಗೆ ಮೇಸ್ತ್ರಿ ಪಾಸು ಕಿತ್ತುಕೊಂಡ. ಈಗ ಕಂಪನಿ ಹೇಳುತ್ತಿದೆ: ಮಲ್ಲೇಶ್ ಕೆಲಸ ಬಿಟ್ಟು ವರ್ಷವಾಯಿತು, ಗುರುಬಾರು ಎಂಬುವವನು ಗೇಟಿನೊಳಗೆ ಬಂದೇ ಇಲ್ಲ. ಅವನನ್ನು ಊರಿಗೆ ಕಳಿಸಲು ಕಂಪನಿಯವರೇ ನಾಳೆಯ ರೈಲಿಗೆ ಟಿಕೆಟ್ಟನ್ನೂ ತೆಗೆಸಿದ್ದಾರೆ.

ಇವತ್ತು ಲೇಬರ್ ಆಫೀಸಿನಲ್ಲಿ ಅವನ ವಿಚಾರಣೆ. ಬಸ್ಸಿನಲ್ಲಿ ಹಾಲಮ್ಮ ನನಗೆ ಹೇಳುತ್ತಾರೆ, "ಚೀಟಿ ನಾನೇ ಬರೆದೆ ಅಂತೀನಿ. ಮದ್ವೆ ಆಗೋ ಹುಡ್ಗಿ ನೀನು, ನಿಂಗ್ಯಾಕೆ ಕೋರ್ಟು ಕಚೇರಿ." ನಾನು ಕಿಟಕಿಯತ್ತ ತಿರುಗುತ್ತೇನೆ. ಬೇಡ ಎನ್ನುವುದಿಲ್ಲ.

ಅಲ್ಲಿ ಗುರುಬಾರು ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟು ಕುಳಿತಿದ್ದಾನೆ. ಅಧಿಕಾರಿ ರವಿಶಂಕರ ಚೀಟಿಯನ್ನು ಬೆಳಕಿಗೆ ಹಿಡಿಯುತ್ತಾರೆ. "ಇದ್ರಲ್ಲಿರೋ ಹೆಸ್ರೇ ಬೇರೆಯಲ್ಲಮ್ಮ. ಬರೆದೋರು ಯಾರು?"

"ನಾನೇ ಸ್ವಾಮಿ."

"ಹೌದಾ?" ಮೇಸ್ತ್ರಿ ಹಿಂದಿನಿಂದ ನಗುತ್ತಾನೆ. "ಸಾರ್, ಆ ಹೆಸ್ರನ್ನ ಇವ್ರ ಕೈಲೇ ಒಂದ್ಸಲ ಬರೆಸಿ ನೋಡಿ."

ಅಧಿಕಾರಿ ಬಿಳಿ ಹಾಳೆಯನ್ನೂ ಪೆನ್ನನ್ನೂ ಮುಂದೆ ಸರಿಸುತ್ತಾರೆ. ಹಾಲಮ್ಮ ಪೆನ್ನು ಹಿಡಿದು 'ಮ' ಬರೆಯುತ್ತಾರೆ. ಅಲ್ಲಿಗೇ ನಿಲ್ಲುತ್ತಾರೆ. ಗುರುಬಾರು ಅವರ ಕೈಯನ್ನೇ ನೋಡುತ್ತಿದ್ದಾನೆ.

"ಸರ್," ಎನ್ನುತ್ತೇನೆ. ದನಿ ಯಾರಿಗೂ ಕೇಳಿಸುವುದಿಲ್ಲ. ಎದ್ದು ನಿಲ್ಲುತ್ತೇನೆ.

"ಸರ್, ಅದನ್ನ ಬರೆದದ್ದು ನಾನು. ಗುರುಬಾರು ಅವ್ರ ಹೆಸ್ರು ಕೇಳ್ಲಿಲ್ಲ. ಬೆರಳು ಹೋದ ದಿನ ಅವ್ರ ಕೊರಳಲ್ಲಿದ್ದ ಈ ಕಂಪನಿಯದೇ ಪಾಸ್ ನೋಡಿ ಬರೆದೆ."