ಹರಣಿಯ ನಾಲ್ಕನೇ ಹೆಜ್ಜೆ

ನಾಯಿ ಇರುವವರಿಗೆ ಮನೆ ಬಾಡಿಗೆಗೆ ಇಲ್ಲ ಎಂದು ಗೇಟಿಗೆ ಬೋರ್ಡು ತಗುಲಿಸಿದವಳು ನಾನೇ. ಹುಣಸಮಾರನಹಳ್ಳಿಯಲ್ಲಿ ನಮ್ಮದು ಎರಡಂತಸ್ತಿನ ಮನೆ. ಕೆಳಗೆ ನಾನು ಮತ್ತು ನನ್ನ ಗಂಡ ಲಕ್ಕಣ್ಣ, ಮೇಲೆ ಹನ್ನೊಂದು ವರ್ಷದಿಂದ ಅಪ್ಪಾಸಾಹೇಬರು. ಮುಧೋಳದ ಕಡೆಯವರು, ಯಲಹಂಕದ ಒಂದು ಕಾರ್ಖಾನೆಯಲ್ಲಿ ಲೇತ್ ಕೆಲಸ. ಹೆಂಡತಿ ತೀರಿಕೊಂಡು ಬಹಳ ಕಾಲವಾಯಿತು, ಮಕ್ಕಳಿಲ್ಲ. ನನ್ನನ್ನು 'ವೈನಿ' ಎನ್ನುತ್ತಾರೆ, ಅವರ ಕಡೆ ಅತ್ತಿಗೆಯನ್ನು ಕರೆಯುವ ಹಾಗೆ.

ಆ ಮನುಷ್ಯನ ಗಂಟಲು ತೆರೆಯುತ್ತಿದ್ದದ್ದು ಸಂಜೆ ಆರೂವರೆಗೆ ಮಾತ್ರ, ಊರಿನಲ್ಲಿರುವ ಅಕ್ಕ ಚನ್ನಕ್ಕನ ಜೊತೆ ಫೋನಿನಲ್ಲಿ. ಚನ್ನಕ್ಕನಿಗೆ ಕಿವಿ ಮಂದ. ಫೋನನ್ನು ಸ್ಪೀಕರಿಗೆ ಹಾಕಿ ಎದುರಿಗೆ ಇಟ್ಟುಕೊಂಡರೇ ಆಕೆಗೆ ಕೇಳುವುದು. ಆಕೆ ಅಲ್ಲಿಂದ ಕೂಗಬೇಕು, ಇವರು ಇಲ್ಲಿಂದ ಕೂಗಬೇಕು. ಅವರ ಎಮ್ಮೆ ಎಷ್ಟು ಹಾಲು ಕೊಟ್ಟಿತು ಎಂಬುದು ನಮ್ಮ ಬೀದಿಗೆಲ್ಲ ಗೊತ್ತಾಗುತ್ತಿತ್ತು.

ಅಂಥವರು ಕಳೆದ ವರ್ಷ ಊರಿಂದ ಬರುವಾಗ ಒಂದು ಬೇಟೆ ನಾಯಿಯನ್ನು ಕರೆತಂದರು. ಎಂಟು ತಿಂಗಳ ಹೆಣ್ಣು ಮರಿ, ಉದ್ದ ಮೂತಿ, ಎಣಿಸಬಹುದಾದ ಪಕ್ಕೆಲುಬು.

"ಏನ್ರೀ ಇದು, ಬೋರ್ಡು ಕಾಣಿಸ್ಲಿಲ್ವಾ? ಅದೂ ಈ ಉಪವಾಸದ ನಾಯಿನಾ?"

"ಉಪವಾಸ ಅಲ್ರಿ ವೈನಿ, ಈ ಜಾತಿ ಮೈಕಟ್ಟ ಹಿಂಗ. ಅಕ್ಕಗ ಮೊಣಕಾಲ ಆಪರೇಷನ್ ಐತ್ರಿ. ಆಕಿ ಎದ್ದ ಅಡ್ಡಾಡೂಮಟ ಅಷ್ಟ. ಆಮ್ಯಾಲ ವಾಪಸ್ ಒಯ್ದ ಬಿಡ್ತೀನಿ. ಆಕಿಗೆ ಇದು ಅಂದ್ರ ಜೀವರಿ."

ನಾಯಿಯ ಹೆಸರು ಹರಣಿ. ಬೇಟೆಯನ್ನು ಕಾಯ್ದೆ ಯಾವತ್ತೋ ನಿಲ್ಲಿಸಿದೆಯಂತೆ. ಹಾಗಾದರೆ ಯಾಕೆ ಸಾಕುತ್ತೀರಿ ಎಂದು ಕೇಳಿದೆ. "ಓಡೂದ ನೋಡಾಕರಿ," ಎಂದರು. ಜೋಳ ಕಿತ್ತ ಮೇಲೆ ಎರೆಹೊಲದಲ್ಲಿ ಅಡ್ಡ ಏನೂ ಇರುವುದಿಲ್ಲವಂತೆ. ಅಲ್ಲಿ ನಾಯಿ ಬಿಟ್ಟರೆ ಮೊದಲು ಕಾಣುತ್ತದೆ, ಆಮೇಲೆ ಧೂಳು ಕಾಣುತ್ತದೆ, ಆಮೇಲೆ ಏನೂ ಇಲ್ಲ. ಚಿಕ್ಕಂದಿನಲ್ಲಿ ಚನ್ನಕ್ಕ ಲಂಗ ಎತ್ತಿ ಕಟ್ಟಿ ನಾಯಿಯ ಹಿಂದೆ ಓಡುತ್ತಿದ್ದಳಂತೆ, ಆಕೆಯ ಹಿಂದೆ ಇವರು. ಇದನ್ನು ಹೇಳುವಾಗ ಅವರು ನನ್ನನ್ನು ನೋಡುತ್ತಿರಲಿಲ್ಲ, ನಮ್ಮ ಗೇಟಿನಾಚೆ ಎಲ್ಲೋ ನೋಡುತ್ತಿದ್ದರು.

ಗೇಟಿನಾಚೆ ಇದ್ದದ್ದು ನಮ್ಮ ಹಳೆಯ ರಾಗಿ ಹೊಲ, ಈಗ ಸೈಟುಗಳು. ಯಾರೂ ಒತ್ತುವರಿ ಮಾಡದಿರಲಿ ಎಂದು ಸುತ್ತ ಮುಳ್ಳುತಂತಿ ಹಾಕಿಸಿದ್ದೆವು. ಹರಣಿ ಬಂದ ಎರಡನೇ ವಾರ ಒಂದು ಮುಂಗುಸಿ ಅಡ್ಡ ಬಂತು. ಅಪ್ಪಾಸಾಹೇಬರ ಕೈಯಿಂದ ಹಗ್ಗ ಜಾರಿತು. ನಾಯಿ ತಂತಿಯನ್ನು ಹಾರಿತು, ಹಿಂದಿನ ಎಡಗಾಲು ಹಾರಲಿಲ್ಲ. ಆ ಕೂಗು ಕೇಳಿ ನಾನು ಕೈಯಲ್ಲಿ ಸೌಟು ಹಿಡಿದೇ ಓಡಿದೆ. ಹಿಮ್ಮಡಿಯ ಮೇಲೆ ಹುರಿಯ ಹಾಗೆ ಬಿಗಿಯಾಗಿರಬೇಕಾದ ನರ ಹರಿದು, ಪಾದ ಜೋಲಾಡುತ್ತಿತ್ತು. ತಂತಿ ನಮ್ಮದು. ಬೋರ್ಡಿನ ಮಾತು ಆವತ್ತಿಗೆ ನನ್ನ ಬಾಯಲ್ಲಿ ನಿಂತುಹೋಯಿತು.

ಸಹಕಾರನಗರದ ಪಶುವೈದ್ಯೆ ಡಾಕ್ಟರ್ ಮೋನಿಕಾ ಹೊಲಿಗೆ ಹಾಕಿ, ಕಾಲಿಗೆ ದಬ್ಬೆ ಕೊಟ್ಟು ಪಟ್ಟಿ ಬಿಗಿದು ಕಟ್ಟಿದರು. "ಅಂಕಲ್, ಟೆಂಡನ್ ಮುಕ್ಕಾಲು ಹರಿದಿತ್ತು. ಹೊಲಿಯೋದು ನನ್ನ ಕೆಲಸ, ಕೂಡಿಸೋದು ನಿಮ್ಮ ಕೆಲಸ. ಎಂಟು ವಾರ ಓಡಬಾರ್ದು, ಜಿಗೀಬಾರ್ದು. ಒಂದೇ ಒಂದ್ಸಲ ಜಿಗಿದ್ರೂ ಮತ್ತೆ ಮೊದಲಿಂದ."

"ಮುಂದ ಓಡತೈತೇನ್ರಿ?"

"ನಡಿಯತ್ತೆ. ಓಡೋದು ಈಗ್ಲೇ ಹೇಳಕ್ಕಾಗಲ್ಲ."

ಅಪ್ಪಾಸಾಹೇಬರು ಮಂಚವನ್ನು ಮಗುಚಿ ಅಡ್ಡ ನಿಲ್ಲಿಸಿ, ಮೂಲೆಯಲ್ಲಿ ನಾಯಿಗೆ ಒಂದು ದೊಡ್ಡಿ ಮಾಡಿದರು. ತಾವು ನೆಲದ ಮೇಲೆ ಮಲಗಿದರು. ದಿನಕ್ಕೆ ಐದು ಸಲ ಪಟ್ಟಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ನಾಯಿಯನ್ನು ಎತ್ತಿಕೊಂಡು ಹದಿನೆಂಟು ಮೆಟ್ಟಿಲು ಇಳಿದು, ಉಚ್ಚೆ ಮಾಡಿಸಿ, ಮತ್ತೆ ಹತ್ತುವರು. ಡ್ಯೂಟಿಗೆ ಹೋದಾಗ ಆ ಕೆಲಸ ನನ್ನ ತಲೆಗೆ ಬಂತು. ಬೈದುಕೊಂಡೇ ಮಾಡಿದೆ.

ಎಲ್ಲ ಸರಿಯಾಗಿ ಮಾಡಿದ ಮನುಷ್ಯ ಒಂದು ಮಾತ್ರ ತಪ್ಪು ಮಾಡಿದರು. ಅಕ್ಕನಿಗೆ ಹೇಳಲಿಲ್ಲ. ಮೊಣಕಾಲು ಕೊಯ್ಸಿಕೊಂಡು ಮಲಗಿದವಳಿಗೆ ಯಾಕೆ ಚಿಂತೆ ಎಂದು ಮುಚ್ಚಿಟ್ಟರು. ಚನ್ನಕ್ಕ ದಿನಾ ಸಂಜೆ "ಫೋನ್ ಹರಣಿ ಮುಂದ ಹಿಡಿ" ಎನ್ನುವಳು, ಇವರು "ನಿದ್ದಿ ಹತ್ತೈತಿ", "ಉಣ್ಣಾಕತ್ತೈತಿ" ಎಂದು ಜಾರಿಸುವರು. ಇಪ್ಪತ್ತೆರಡನೇ ದಿನ ಆಕೆ ಅತ್ತುಬಿಟ್ಟಳು. "ಸತ್ತೈತೇನೋ ತಮ್ಮಾ? ಖರೇ ಹೇಳು!"

ಇವರಿಗೆ ತಡೆಯಲಾಗಲಿಲ್ಲ. ಫೋನನ್ನು ಅಡ್ಡ ನಿಲ್ಲಿಸಿದ ಮಂಚದ ಅಂಚಿನ ಮೇಲೆ ಇಟ್ಟರು.

ಹರಣಿ ಹುಟ್ಟಿದಾಗಿನಿಂದ ಆಕೆ ಅದನ್ನು ಆಡಿಸುತ್ತಿದ್ದದ್ದು ಒಂದೇ ಕೂಗಿನಿಂದ. "ಹರಣೀ! ಹಿಡಿ, ಹಿಡಿ, ಹಿಡಿ!"

ಕೆಳಗೆ ಕುಳಿತಿದ್ದ ನನಗೆ ಮೊದಲು ಆ ಕೂಗು ಕೇಳಿತು, ಆಮೇಲೆ ತಲೆಯ ಮೇಲಿನ ತಾರಸಿ ದಡ್ಡೆಂದಿತು, ಆಮೇಲೆ ನಾಯಿಯ ನರಳಾಟ. ಹರಣಿ ಮಂಚವನ್ನು ಹಾರಿ ಆಚೆ ಬಿದ್ದಿತ್ತು. ಹೊಲಿಗೆ ಬಿಟ್ಟಿತ್ತು.

ಆ ರಾತ್ರಿ, ಮತ್ತೆ ಹೊಲಿಗೆ ಹಾಕಿಸಿಕೊಂಡು ಬಂದ ಮೇಲೆ, ಅವರು ಅಕ್ಕನಿಗೆ ನಿಜ ಹೇಳಿದರು. ಚನ್ನಕ್ಕ ಬೈಯಲಿಲ್ಲ. ಕೂಗದೆ ಹೇಳಿದಳಂತೆ. "ಅದು ಓಡೂಮಟ ನಿನ್ನ ಮನ್ಯಾಗ ನನ್ನ ದನಿ ಬ್ಯಾಡಪಾ. ನಾ ಫೋನ್ ಮಾಡಂಗಿಲ್ಲ. ನೀನೂ ಮಾಡಬ್ಯಾಡ."

ಮಾರನೆಯ ದಿನದಿಂದ ಆಕೆ ಫೋನ್ ಮಾಡಿದ್ದು ನನಗೆ! ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ, ಒಗ್ಗರಣೆ ಸಿಡಿಯುವ ಹೊತ್ತಿಗೆ. "ವೈನೀ, ಕಾಲ್ ಊರತೈತೇನ್ರಿ?" ನಾಯಿ ಎಂದರೆ ಮುಖ ತಿರುಗಿಸುವ ನಾನು ದಿನಾ ನಾಯಿಯ ವರದಿ ಕೂಗತೊಡಗಿದೆ. ಸಂಜೆ ಅಪ್ಪಾಸಾಹೇಬರು ಮೆಟ್ಟಿಲ ಬಳಿ ನಿಲ್ಲುವರು. "ಅಕ್ಕ ಏನಂದ್ಳರಿ?" ಏನಂದಳು ಎಂದರೆ ಸಾಲದು, ಹೇಗೆ ಅಂದಳು ಎಂದೂ ಹೇಳಬೇಕು. ದನಿ ಗಟ್ಟಿ ಇತ್ತೇ, ಕೆಮ್ಮಿದಳೇ, ನಕ್ಕಳೇ. ಆರೂವರೆಗೆ ಫೋನನ್ನು ಕೈಯಲ್ಲಿ ಹಿಡಿದು ನೋಡುವರು, ಮತ್ತೆ ಜೇಬಿಗಿಡುವರು. ನಮ್ಮ ಬೀದಿಯ ಸಂಜೆ ಅಷ್ಟು ನಿಶ್ಶಬ್ದವಾಗಿದ್ದು ನನಗೆ ನೆನಪಿಲ್ಲ. ವಿಮಾನಗಳ ಸದ್ದು ಮಾತ್ರ ಇರುತ್ತಿತ್ತು, ಅದನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಎರಡನೇ ಹೊಲಿಗೆಗೆ ಹತ್ತು ವಾರವಾದ ಮೇಲೆ ಪಟ್ಟಿ ಬಿಚ್ಚಿದರು. ಕಾಲು ಒಣಕಲು ಕಡ್ಡಿಯಾಗಿತ್ತು. ಬಿಸಿನೀರಿನ ಬಟ್ಟೆ ಸುತ್ತಿ, ಬೆರಳಲ್ಲಿ ತೀಡಿ, ಕೀಲನ್ನು ಮೆಲ್ಲಗೆ ಮಡಿಸಿ ಬಿಡಿಸುವುದನ್ನು ಡಾಕ್ಟರು ಹೇಳಿಕೊಟ್ಟರು. ಲೇತಿನಲ್ಲಿ ಕೂದಲೆಳೆಯ ಅಳತೆ ಹಿಡಿಯುವ ಕೈ ಅವರದು, ನಾಯಿ ಒಮ್ಮೆಯೂ ಗುರ್ ಎನ್ನಲಿಲ್ಲ. ಮೊದಲ ವಾರ ಹಗ್ಗ ಹಿಡಿದು ಐದು ನಿಮಿಷ ನಡಿಗೆ, ಆಮೇಲೆ ಹತ್ತು.

ನನಗೆ ತಾರಸಿಯಿಂದಲೇ ಎಲ್ಲ ತಿಳಿಯುತ್ತಿತ್ತು. ಟೈಲ್ಸ್ ಮೇಲೆ ಉಗುರಿನ ಸದ್ದು ಟಕ್, ಟಕ್, ಟಕ್, ಆಮೇಲೆ ಒಂದು ಖಾಲಿ. ಮೂರೇ ಹೆಜ್ಜೆ. ಒಂದು ಮಧ್ಯಾಹ್ನ ಬೇಳೆ ಆರಿಸುತ್ತಿದ್ದೆ, ಆ ಖಾಲಿ ಜಾಗದಲ್ಲಿ ಸಣ್ಣಗೆ ಇನ್ನೊಂದು ಟಕ್ ಬಿತ್ತು. ಮೊರ ಕೆಳಗಿಟ್ಟು ಮೆಟ್ಟಿಲ ಬುಡದಿಂದ ಕೂಗಿದೆ, "ಅಪ್ಪಾಸಾಹೇಬ್ರೇ, ನಾಲ್ಕು!"

"ಹೌದ್ರಿ ವೈನಿ, ನಾಲ್ಕು!" ಎಂದರು ಮೇಲಿಂದ.

ಓಡಿಸಬಹುದು ಎಂದು ಡಾಕ್ಟರು ಹೇಳಿದ ದಿನ ಲಕ್ಕಣ್ಣ ಸೈಟಿನ ಕಡೆ ನೋಡಿ, "ಓಗ್ಲಿ ಬುಡು, ಆ ತಂತಿ ಕಿತ್ತಾಕುಸ್ತೀನಿ," ಎಂದರು. ಕೀಳಿಸಿಯೂ ಬಿಟ್ಟರು. ಭಾನುವಾರ ಬೆಳಿಗ್ಗೆ ಅಪ್ಪಾಸಾಹೇಬರು ಆ ತುದಿಯಲ್ಲಿ ಹರಣಿಯನ್ನು ಹಿಡಿದು ನಿಂತರು. ಈ ತುದಿಯಲ್ಲಿ ನಾನು ಚನ್ನಕ್ಕನಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಕೈ ಎತ್ತಿ ಹಿಡಿದೆ.

"ಕೂಗಿ ಅಕ್ಕಾ!"

"ಹರಣೀ! ಹಿಡಿ, ಹಿಡಿ, ಹಿಡಿ!"

ಅದು ಬಂದದ್ದನ್ನು ನಾನು ಸರಿಯಾಗಿ ನೋಡಲಿಲ್ಲ. ಅಲ್ಲಿತ್ತು, ಆಮೇಲೆ ಧೂಳಿತ್ತು, ಆಮೇಲೆ ನನ್ನ ಸೀರೆಯ ಮೇಲೆ ಎರಡು ಕಾಲಿದ್ದವು. ಆ ತುದಿಯಲ್ಲಿ ಅಪ್ಪಾಸಾಹೇಬರು ಕುಕ್ಕರಗಾಲಲ್ಲಿ ಕುಳಿತು, ಟವಲಿನಲ್ಲಿ ಮುಖ ಮುಚ್ಚಿಕೊಂಡಿದ್ದರು. ಓಡುವ ನಾಯಿ ಇನ್ನು ಊರಿಗೆ ಹೋಗಬೇಕು. ಅವರು ಇಲ್ಲೇ ಇರಬೇಕು, ನಿವೃತ್ತಿಗೆ ಇನ್ನೂ ಎರಡು ವರ್ಷ.

ಚನ್ನಕ್ಕ ಆಗಲೇ ಎದ್ದು ಓಡಾಡುತ್ತಿದ್ದಳು, ಮಾತು ಕೊಟ್ಟಂತೆ ಹರಣಿಯನ್ನು ಒಯ್ದು ಬಿಟ್ಟು ಬಂದರು. ನಾನೂ ಸುಮ್ಮನಿರದೆ ಒಂದು ಡಬ್ಬಿ ರಾಗಿ ಹುರಿಹಿಟ್ಟು ಕೊಟ್ಟು ಕಳಿಸಿದೆ, ನಾಯಿಗೆ. ಬಂದ ಸಂಜೆ ಆರೂವರೆಗೆ ಆಸೆಯಿಂದ ಅಕ್ಕನಿಗೆ ಫೋನ್ ಹಚ್ಚಿ, ಮೊದಲಿನಂತೆ ಕೂಗಿ ಮಾತಾಡಿದರು. ಅಲ್ಲಿ ಸ್ಪೀಕರಿನಲ್ಲಿ ಇವರ ದನಿ ಕೇಳಿದ್ದೇ ತಡ, ಹರಣಿ ಮನೆಯೆಲ್ಲ ಹುಡುಕಿ, ಬಾಗಿಲಿಗೆ ಹೋಗಿ ಕುಳಿತಿತಂತೆ. ಕತ್ತಲಾದರೂ ಊಟ ಮುಟ್ಟಲಿಲ್ಲ. ಮೂರನೇ ದಿನ ಹಿತ್ತಲ ಗೋಡೆ ಹಾರಿ, ಬಸ್ಸು ನಿಲ್ಲುವ ಜಾಗದಲ್ಲಿ ಸಿಕ್ಕಿತಂತೆ. ಅದೇ ಕಾಲಿನ ಮೇಲೆ ಅಷ್ಟೆತ್ತರದಿಂದ ಜಿಗಿದಿತ್ತು.

"ತಮ್ಮಾ," ಎಂದಳಂತೆ ಚನ್ನಕ್ಕ, "ಈಗ ನೀ ಸುಮ್ಮನಿರಬೇಕಪಾ."

ಹಾಗಾಗಿ ಈಗ ಸಂಜೆ ಅವರು ನಮ್ಮ ಮನೆಗೆ ಬರುತ್ತಾರೆ. ಫೋನ್ ಮಾಡುವವಳು ನಾನು, ಕೂಗುವವಳೂ ನಾನೇ. ಅವರು ಪಕ್ಕದ ಕುರ್ಚಿಯಲ್ಲಿ ಕುಳಿತು, ಟವಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿರುತ್ತಾರೆ, ಅಪ್ಪಿತಪ್ಪಿ ಒಂದು ಮಾತು ಹೊರಡದಿರಲಿ ಎಂದು. ಅಕ್ಕನ ಮಾತಿನ ಹಿಂದೆ ಕಲ್ಲುಹಾಸಿನ ಮೇಲೆ ಉಗುರಿನ ಸದ್ದು ಬರುತ್ತದೆ. ಆಗ ನಾನು ಮಾತು ನಿಲ್ಲಿಸುತ್ತೇನೆ. ಅಪ್ಪಾಸಾಹೇಬರು ಕಣ್ಣು ಮುಚ್ಚಿ ಕೇಳುತ್ತಾರೆ, ಆಮೇಲೆ ನನ್ನ ಕಡೆ ತಿರುಗಿ ನಾಲ್ಕು ಬೆರಳು ಎತ್ತಿ ತೋರಿಸುತ್ತಾರೆ.